ಕುಂಯ್ ಅಂದರೆ ಹೂಂ ಅನ್ನಬೇಕು

ಜನರ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಅದರಲ್ಲಿ ಒಂದು ಸಲವಾದರೂ ಬೆಚ್ಚಿಬೀಳದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ. ಮೊದಲೇ ನಾನು ಪುಕ್ಕಲಿ. ಕುಕ್ಕರ್ ಸೀಟಿ ಹೊಡೆದರೆ ಎದೆ ಹಾರುತ್ತದೆ, ಕೊರಿಯರ್‌ನವನು ಬೆಲ್ ಒತ್ತಿದರೆ ಕೈಯಲ್ಲಿದ್ದ ಚಹಾ ಚೆಲ್ಲುತ್ತದೆ. ಇಂಥವಳಿಗೆ ದೇವರು ಇಂಥ ಕೆಲಸವನ್ನೇ ಕೊಟ್ಟ.

ಪುಣೆ ಕ್ಯಾಂಪಿನ ಹಳೆಯ ಕಟ್ಟಡವೊಂದರ ಮಹಡಿಯ ಮೇಲೆ ನಮ್ಮ ಕ್ಲಿನಿಕ್ ಇದೆ. ಅದರೊಳಗೆ ಹೊರಗಿನ ಸದ್ದು ಬಾರದ ಒಂದು ಚಿಕ್ಕ ಕೋಣೆ. ಬಂದವರು ಒಳಗೆ, ನಾನು ಹೊರಗೆ, ನಡುವೆ ಗಾಜು. ಅವರ ತಲೆಗೆ ಹೆಡ್‌ಫೋನ್ ಏರಿಸಿ ನಾನು ಹೊರಗಿನಿಂದ ಸಣ್ಣ ಸಣ್ಣ ಸದ್ದು ಬಿಡುತ್ತೇನೆ. ಕೇಳಿಸಿದಾಗಲೆಲ್ಲ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಅಷ್ಟೇ. ಅಷ್ಟರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ ಎಂದು ನನ್ನ ಗಂಡ ಕೇಳುತ್ತಾನೆ. ಅವನೊಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಲಿ.

ಮೊದಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದವರು ವಯಸ್ಸಾದವರು. ಈಗ ಮೀಸೆ ಸರಿಯಾಗಿ ಮೂಡದ ಹುಡುಗರೂ ಬರುತ್ತಾರೆ. ಕಿವಿಯೊಳಗೆ ಕುಂಯ್ ಅನ್ನುತ್ತದೆ, ಗುಂಯ್ ಅನ್ನುತ್ತದೆ ಎಂದು ಮುಖ ಸಣ್ಣಗೆ ಮಾಡುತ್ತಾರೆ. ಯಾಕಪ್ಪಾ ಎಂದು ಕೇಳಿದರೆ ಕಿವಿಯಿಂದ ಒಂದು ಇಯರ್‌ಬಡ್ ಕಿತ್ತು, "ಏನಂದ್ರಿ?" ಅನ್ನುತ್ತಾರೆ.

ಬಾಯಿ ಇರುವಾಗ ಗುಂಡಿ ಯಾಕೆ

ಒಮ್ಮೆ ಬೆಳಗಾವಿ ಕಡೆಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದರು. ಇಲ್ಲೇ ಕೊಥ್ರೂಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮನೆಯವರಿಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಹೇಳಿ, ಒಬ್ಬರೇ ಆಟೋ ಹತ್ತಿ ಬಂದಿದ್ದರು. ಇಸ್ತ್ರಿ ಮಾಡಿದ ಧೋತರ, ಮೇಲೊಂದು ಕೋಟು, ಮುಖದ ಮೇಲೆ ಇಡೀ ಶಾಲೆಯನ್ನು ಗಪ್‌ಚುಪ್ ಕೂರಿಸುವಂಥ ಗಂಟು.

ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಮೊದಲ ಸದ್ದು ಬಿಟ್ಟೆ.

"ಹೂಂನ್ರೀ!"

ಸದ್ದು ಹೊರಗೆ ಬಾರದ ಕೋಣೆ ಎಂದು ಅದನ್ನು ಕಟ್ಟಿದವನು ನಮಗೆ ಹೇಳಿದ್ದು ಸುಳ್ಳು ಎಂದು ಆವತ್ತು ಗೊತ್ತಾಯಿತು. ನನ್ನ ಕೈಯಿಂದ ಪೆನ್ನು ಹಾರಿಹೋಯಿತು. ಬಾಗಿಲು ತೆಗೆದು, "ಸರ್, ಬಾಯಿಲೆ ಹೇಳಬ್ಯಾಡ್ರಿ, ಗುಂಡಿ ಒತ್ರಿ ಸಾಕು" ಅಂದೆ.

"ಅಲ್ಲವಾ," ಅಂದರು ಅವರು, "ಕರದ್ರ ಓ ಅನಬೇಕು, ಹೇಳಿದ್ರ ಹೂಂ ಅನಬೇಕು. ಜನ್ಮಾ ಪೂರ್ತಿ ಹುಡುಗರಿಗೆ ಇದನ್ನ ಕಲಿಸಿ ಬಂದಾವ ನಾ. ಬಾಯಿ ಇರೂತನಕಾ ಗುಂಡಿ ಯಾಕ ಒತ್ತಲಿ? ಗುಂಡಿ ಒತ್ತೂದು ಲಿಫ್ಟಿಗೆ."

ಮುಂದೆ ಇಡೀ ಪರೀಕ್ಷೆ ಹಾಗೇ ನಡೆಯಿತು. ನಾನು ಸದ್ದು ಬಿಡುವುದು, ಅವರು "ಹೂಂನ್ರೀ!" ಅನ್ನುವುದು, ನಾನು ಬೆಚ್ಚುವುದು. ಹೊರಗೆ ಕೂತ ಜನರೆಲ್ಲ ಬಾಗಿಲ ಕಡೆ ನೋಡತೊಡಗಿದರು. ನಮ್ಮ ರಿಸೆಪ್ಶನ್‌ನ ಮರಾಠಿ ಹೆಣ್ಣುಮಗಳು ತಲೆ ಒಳಗೆ ಹಾಕಿ, "ಮ್ಯಾಡಮ್, ಗೋಷ್ಟ ಸಂಪಲೀ ಕಾ?" ಅಂದಳು. ಕಥೆ ಮುಗಿಯಿತೇ ಎಂದು ಕೇಳಿದ್ದು. ಒಳಗೆ ನಾನು ಮುದುಕರಿಗೆ ಕಥೆ ಹೇಳುತ್ತಿದ್ದೇನೆ, ಅವರು ಹೂಂಗುಡುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಕಿವಿ ಮಂದವಾಗಿತ್ತು. ಶ್ರವಣಯಂತ್ರ ಬೇಕೇ ಬೇಕು ಅಂದೆ. ಯಾರಿಗೂ ಕಾಣದಂಥ, ಮೈಬಣ್ಣದ್ದೊಂದನ್ನು ತೋರಿಸಿದೆ. ಬೇಡವೆಂದರು. ಈಚೆಗೆ ಇಯರ್‌ಬಡ್‌ನ ಹಾಗೇ ಕಾಣುವ ಬಿಳಿಯ ಶ್ರವಣಯಂತ್ರ ಬಂದಿದೆ; ಅದನ್ನು ಎತ್ತಿಕೊಂಡು, "ಇದು ಇರ್ಲಿ. ಒಂದ ಸಾಕು. ಎರಡೂ ಕಿವಿ ಕೇಳಸಿದ್ರ ಸೊಸಿ ಮಾತು ಪೂರ್ತಿ ಕೇಳಬೇಕಾಗ್ತದ" ಅಂದರು.

"ಇದು ಎದ್ದು ಕಾಣತದಲ್ರೀ ಸರ್?"

"ಕಾಣ್ಲೆವಾ. ಮನ್ಯಾಗ ಹಾಡು ಕೇಳೂದು ಅಂತ ಹೇಳ್ತೀನಿ. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬಾರದು, ಮಾತು ಕೊಡು." ಕೊಟ್ಟೆ. ಅವರು ಅದನ್ನು ಕಿವಿಗೆ ಏರಿಸಿ ಕನ್ನಡಿಯಲ್ಲಿ ನೋಡಿಕೊಂಡು ಹೇಳಿದರು: "ಮುದುಕಗ ಶೋಕಿ ಹತ್ತೇದ ಅನ್ಲಿ. ಕಿವುಡ ಆಗ್ಯಾನ ಅನಬಾರದು."

ಅದನ್ನು ಬಂದ್ ಮಾಡಬೇಡಿ

ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮಶೀನಿನ ಮೇಲೆ ಕೆಲಸ ಮಾಡುವವನೊಬ್ಬ ಬಂದ. ಬಾಗಲಕೋಟೆ ಕಡೆಯವನು, ಜೊತೆಗೆ ಹೆಂಡತಿ.

"ಮೇಡಂ, ರಜಾ ಇದ್ದ ದಿನಾ ಕಿವಿ ಗುಂಯ್ ಅಂತೈತ್ರಿ. ಕಂಪನಿಗೆ ಹೋದ್ರ ಆರಾಮ."

ನನಗೆ ಅನುಮಾನ ಬಂತು. "ಕೆಲಸದ ಹೊತ್ತಿನ್ಯಾಗ ಕಿವಿಗೆ ಏನಾರ ಹಾಕ್ಕೊಂತೀರೋ ಇಲ್ಲೋ?"

"ಹಾಕ್ಕೊಂತೀನ್ರಿ. ಕಂಪನಿಯವ್ರು ಕೊಟ್ಟ ದೊಡ್ಡ ಮುಚ್ಚಿಗಿ."

"ಚಲೋ ಆತು."

"ಅದರ ಒಳಗ ಇಯರ್‌ಬಡ್ ಹಾಕ್ಕೊಂಡು ಹಾಡು ಹಚ್ಚತೀನ್ರಿ. ಮಶೀನ್ ಸಪ್ಪಳ ಕೇಳಬಾರದಂತ, ಫುಲ್ ಸೌಂಡ್."

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಕಿವಿ ಉಳಿಯಲೆಂದು ಕೊಟ್ಟ ಮುಚ್ಚಳದೊಳಗೆ ಕಿವಿ ಒಡೆಯುವ ಸದ್ದು! ಹಾಡಿನ ಹಬ್ಬಕ್ಕೆ ಕಿವಿಯೊಳಗೇ ಮಂಟಪ ಹಾಕಿದ ಹಾಗಾಯಿತು. ಸಮಾಧಾನವಾಗಿ ಬೈದೆ. ಅವನು ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದ: ಮನೆಯಲ್ಲಿ ಎಲ್ಲ ಸುಮ್ಮನಾದಾಗ ಆ ಗುಂಯ್ ತಡೆಯಲಾಗುವುದಿಲ್ಲವಂತೆ, ಅದಕ್ಕೆ ಅದೇ ಮಶೀನಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ದಿಂಬಿನ ಪಕ್ಕ ಹಚ್ಚಿಟ್ಟು ಮಲಗುತ್ತಾನಂತೆ.

ನನಗೆ ಅವನಿಗಿಂತ ಅವನ ಹೆಂಡತಿಯನ್ನು ನೋಡಿ ಕರುಳು ಚುರಕ್ಕೆಂದಿತು. "ಏನವಾ, ನೀ ಹೆಂಗ ನಿದ್ದಿ ಮಾಡ್ತೀ? ನಿನ್ನ ಸಲುವಾಗಿ ಹೇಳ್ತೀನಿ, ಇವತ್ತಿನಿಂದ ಆ ಮಶೀನ್ ಸದ್ದು ಪೂರಾ ಬಂದ್."

ಅವಳು ಗಾಬರಿಯಾಗಿ ನನ್ನ ಕೈ ಹಿಡಿದಳು. "ಬ್ಯಾಡ್ರಿ ಮೇಡಂ, ನಿಮ್ಮ ಕಾಲು ಬೀಳ್ತೀನಿ. ಅದು ಬಂದಾದ್ರ ಇವ್ರ ಗೊರಕಿ ಕೇಳಸ್ತೈತಿ!"

ಬಾಗಿಲಿನಾಚೆಯ ಹೂಂ

ಇದೆಲ್ಲ ಊರವರ ಕಥೆ. ಬೆಚ್ಚಿಬೀಳುವ ಯೋಗ ನನಗೆ ಮನೆಯಲ್ಲೂ ತಪ್ಪಿಲ್ಲ. ವಿಮಾನ ನಗರದ ನಮ್ಮ ಫ್ಲ್ಯಾಟಿನಲ್ಲಿ ನಾವಿಬ್ಬರು, ಧಾರವಾಡದಿಂದ ಬಂದು ನಮ್ಮ ಜೊತೆಗಿರುವ ಅತ್ತೆ, ಮತ್ತು ನನ್ನ ಮೈದುನ. ಮೈದುನನದು ಸಾಫ್ಟ್‌ವೇರ್ ಕಂಪನಿ, ಕೆಲಸ ಮನೆಯಿಂದಲೇ. ಅವನ ಕಿವಿಯಲ್ಲಿ ಇಯರ್‌ಬಡ್ ಇಲ್ಲದ್ದನ್ನು ನೋಡಿದವರು ಕಡಿಮೆ. ಅತ್ತೆ ಅದಕ್ಕೆ 'ಗೋಡಂಬಿ' ಅನ್ನುತ್ತಾರೆ. "ಆ ಕಿವ್ಯಾಗಿನ ಗೋಡಂಬಿ ತಗದು ಊಟಕ್ಕ ಬಾ" ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅವನೊಬ್ಬನನ್ನು ಬಿಟ್ಟು; ಅವನಿಗೆ ಕೇಳಿಸಿರುವುದಿಲ್ಲ.

ಅತ್ತೆಗೆ ಮಾತು ಬೇಕು. ಮಾತಿಗಿಂತ ಹೆಚ್ಚಾಗಿ ಹೂಂ ಬೇಕು. ಹೂಂ ಅನ್ನುವವರಿದ್ದರೆ ಅವರು ಚಪಾತಿ ಹಿಟ್ಟು ನಾದುವುದರಿಂದ ಹಿಡಿದು ಮೊಸರಿಗೆ ಹೆಪ್ಪು ಹಾಕುವ ತನಕ ಒಂದೇ ಸುದ್ದಿಯನ್ನು ಎಳೆಯಬಲ್ಲರು. ಒಂದು ದಿನ ಮೈದುನನ ಕೋಣೆಯ ಬಾಗಿಲಿಗೆ ಒರಗಿ ಕೂತು, ಮೆಂತ್ಯೆ ಸೊಪ್ಪು ಸೋಸುತ್ತ ಮಾತಾಡುತ್ತಿದ್ದರು. ಒಳಗಿನಿಂದ ಹೂಂ ಬರುತ್ತಿತ್ತು. ಮಗ ಇಷ್ಟು ತಾಳ್ಮೆಯಿಂದ ಕೇಳುತ್ತಿದ್ದಾನಲ್ಲ ಎಂದು ಅವರ ಮುಖ ಅರಳಿತ್ತು.

"ನಿನಗೂ ವಯಸ್ಸಾತು."

"ಹೂಂ."

"ಒಂದಿಷ್ಟು ಹುಡುಗ್ಯಾರನ್ನ ನೋಡೂಣೇನು?"

"ಹೂಂ. ಯೆಸ್ ಯೆಸ್."

"ಮತ್ತ ಆಮ್ಯಾಲೆ ಇಲ್ಲಾ ಅನಬಾರದು."

"ಇಲ್ಲ ಇಲ್ಲ, ಗೋ ಅಹೆಡ್. ಇದೇ ತಿಂಗಳು ಮುಗಿಸಿಬಿಡೋಣ."

ಅತ್ತೆ ಸೊಪ್ಪು ಅಲ್ಲೇ ಚೆಲ್ಲಿ ಎದ್ದರು. ಸಂಜೆಯೊಳಗೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಪುಣೆ, ನಾಲ್ಕೂ ಊರಿಗೆ ಫೋನು ಹೋಗಿತ್ತು. ಬೆಂಗಳೂರಿನ ತನ್ನ ಆಫೀಸಿನವರೊಂದಿಗೆ ಮೀಟಿಂಗ್ ಮುಗಿಸಿ ಹೊರಬಂದ ಮೈದುನ, ಅವ್ವನ ಬಾಯಲ್ಲಿ ತನ್ನ ಮದುವೆಯ ಸುದ್ದಿ ಕೇಳಿ ಕಣ್ಣು ಕಣ್ಣು ಬಿಟ್ಟ.

"ಅವ್ವಾ, ನಾ ಯಾವಾಗ ಹೂಂ ಅಂದೆ?"

"ಇದೇ ತಿಂಗಳದಾಗ ಮುಗಸೂಣು ಅಂದಿ. ನನಗ ಅವಸರ ಇರಲಿಲ್ಲಪಾ."

ಪುಣೆಯ ಹಲ್ಲಿ

ಒಂದು ಭಾನುವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಅತ್ತೆ ನನ್ನ ಮುಂದೆ ಹುಡುಗಿಯರ ಫೋಟೋ ಹರವಿಕೊಂಡು ಕೂತರು. "ಈಕಿ ಹುಬ್ಬಳ್ಳಿಯವಳು. ಹೆಂಗ ಅನಸ್ತದ?" ನಾನು ಹೇಳುವಷ್ಟರಲ್ಲಿ ಇನ್ನೊಂದು ಫೋಟೋ ಎತ್ತಿದರು. "ಈಕಿ ಇಲ್ಲೇ ಕೊಥ್ರೂಡದಾಕಿ. ಬ್ಯಾಂಕಿನ್ಯಾಗ ಕೆಲಸಾ, ಸಂಗೀತ ಕಲೀತಾಳಂತ. ಇದು ಚಲೋ ಸಂಬಂಧ ಅನಸ್ತದ."

ಕುಂಯ್ ಕುಂಯ್!

ನಾನು ಬೆಚ್ಚಿ ಒಲೆಯ ಕಡೆ ಜಿಗಿದೆ. ಅತ್ತೆ ಮಾತ್ರ ಕೂಡಲೇ ಬಗ್ಗಿ, ಬೆರಳ ತುದಿಯಿಂದ ನೆಲಕ್ಕೆ ಟಕ್ ಟಕ್ ಟಕ್ ಎಂದು ಬಡಿದು, "ಕೃಷ್ಣ ಕೃಷ್ಣ" ಅಂದರು. ಮಾತಾಡುವಾಗ ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ನಮ್ಮ ಕಡೆ ಹೀಗೆ ನೆಲ ಬಡಿಯುತ್ತಾರೆ.

"ಅತ್ತಿ, ಹಲ್ಲಿ ಲೊಚ್ ಲೊಚ್ ಅಂತದ. ಇದು ಕುಂಯ್ ಅಂತದಲ್ರೀ?"

"ಇದು ಪುಣೆ ಹಲ್ಲಿ ಅದ. ಧಾರವಾಡದ್ದರ ಗತೆ ಯಾಕ ನುಡೀಬೇಕು?"

"ಈ ಹುಡುಗೀನ ನಮ್ಮ ಸೊಸಿ ಆಗ್ತಾಳ" ಅಂದರು ಅತ್ತೆ. ಕುಂಯ್ ಕುಂಯ್. ನೆಲ ಬಡಿದರು. "ಇದೇ ವರ್ಷ ಆಗ್ತದ." ಕುಂಯ್. ಬಡಿದರು. ಸಂತೋಷಕ್ಕೆ ಶಿರಾ ಮಾಡೋಣವೆಂದು ಎದ್ದು, ಒಲೆಯ ಮೇಲೆ ತುಪ್ಪ ಕಾಯಲು ಇಟ್ಟು, ಗೋಡಂಬಿ ಡಬ್ಬಿ ತೆಗೆದು ಬೊಗಸೆಗೆ ಸುರಿದುಕೊಂಡರು. ಇನ್ನೇನು ಬಾಣಲೆಗೆ ಹಾಕಬೇಕು, ಬೊಗಸೆಯೊಳಗಿನ ಒಂದು ಗೋಡಂಬಿ ಕುಂಯ್ ಅಂತು.

ಇಬ್ಬರೂ ಚೀರಿದೆವು. ಗೋಡಂಬಿ ಮನೆಯೆಲ್ಲ ಹಾರಿತು. ಚೀರಿದ್ದಕ್ಕೆ ಓಡಿಬಂದ ಮೈದುನ ನೆಲದ ಮೇಲಿಂದ ತನ್ನ ಇಯರ್‌ಬಡ್ ಎತ್ತಿಕೊಂಡ. ಅದು ಅವನು ಎದ್ದಾಗಿನಿಂದ ಕಳೆದಿತ್ತಂತೆ. ಮೊಬೈಲ್ ಒತ್ತಿದರೆ ಕಳೆದದ್ದು ತಾನಾಗೇ ಕುಂಯ್‌ಗುಡುತ್ತದೆ, ಅವನು ಕೋಣೆಯಲ್ಲಿ ಹಾಸಿಗೆ ಝಾಡಿಸುತ್ತ ಒತ್ತುತ್ತಲೇ ಇದ್ದನಂತೆ. ಕನ್ನಡಕ ಹಾಕದೆ ಸೋಫಾದ ಮೇಲೆ ಬಿದ್ದಿದ್ದನ್ನು ನಿಜವಾದ ಗೋಡಂಬಿಯೆಂದು ಎತ್ತಿ ಡಬ್ಬಿಗೆ ಹಾಕಿದವರು ಅತ್ತೆಯೇ.

ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಮೈದುನ ನಗಲಿಲ್ಲ. ಇಯರ್‌ಬಡ್ಡನ್ನು ಅದರ ಡಬ್ಬಿಗೆ ಹಾಕಿ ಮುಚ್ಚಿದ ಮೇಲೂ ಕಿವಿಗೊಟ್ಟು ನಿಂತೇ ಇದ್ದ. ಅತ್ತಿಗೆಯಾದ ನನ್ನನ್ನು ಕೇಳಿದ: "ವೈನಿ, ಇನ್ನೂ ಕುಂಯ್ ಅನ್ನಲಿಕತ್ತದಲಾ?"

"ಇಲ್ಲೋ, ನಿಂತುಹೋತು."

"ನನಗ ನಿಂತಿಲ್ಲ ವೈನಿ. ಭಾಳ ದಿನದಿಂದ ಹಿಂಗೇ ಅದ. ಅದಕ್ಕ ನನಗ ಇದು ಸಿಗಲಿಲ್ಲ. ಯಾವುದು ಹೊರಗಿನ ಸದ್ದು, ಯಾವುದು ನನ್ನ ಕಿವೀದು, ತಿಳೀಲೇ ಇಲ್ಲ."

ನನ್ನ ನಗು ನಿಂತಿತು. ಊರವರ ಕಿವಿ ನೋಡುವವಳು ನಾನು. ಒಂದೇ ಸೂರಿನಡಿ ಇರುವವನ ಕಿವಿ ಹೀಗಾದದ್ದು ನನಗೆ ಗೊತ್ತಿಲ್ಲ. ಕೂಡಲೇ ಕ್ಲಿನಿಕ್ಕಿಗೆ ಬಾ ಅಂದೆ. ಅವನಿಗೆ ಹೆದರಿಕೆ. ನಾಳೆ, ನಾಡಿದ್ದು ಎಂದು ಮುಂದೂಡಿದ.

ಅತ್ತೆ ನೆಲದ ಮೇಲಿನ ಗೋಡಂಬಿ ಆರಿಸುತ್ತ ಇದ್ದರು. ಅವರಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಕೊಥ್ರೂಡದ ಹುಡುಗಿಯ ಫೋಟೋ ಮಾತ್ರ ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡಿದ್ದರು. "ಅತ್ತಿ, ಅದು ಹಲ್ಲಿ ಅಲ್ಲಾ ಅಂತ ಗೊತ್ತಾತಲ್ರೀ" ಅಂದೆ.

"ಹಲ್ಲಿ ಗ್ವಾಡಿ ಮ್ಯಾಲೆ ಇದ್ರೇನು, ಡಬ್ಬ್ಯಾಗ ಇದ್ರೇನು? ನುಡಿದದ್ದು ನುಡೀತು."

ಮಾಸ್ತರರ ಮೌಖಿಕ ಪರೀಕ್ಷೆ

ಹೆಣ್ಣು ನೋಡಲು ಕೊಥ್ರೂಡಿಗೆ ಹೋದೆವು. ಬಾಗಿಲಲ್ಲಿ ನಿಂತು "ಬರ್ರಿ ಬರ್ರಿ" ಅಂದ ಹುಡುಗಿಯ ಅಜ್ಜನನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ನಮ್ಮ ಹೂಂನ್ರೀ ಹೆಡ್‌ಮಾಸ್ತರರು! ಅವರ ಎದೆ ನನಗಿಂತ ಜೋರಾಗಿ ಧಸಕ್ಕೆಂದಿರಬೇಕು. ಒಂದು ಬೆರಳು ಕಿವಿಗೆ, ಒಂದು ಬೆರಳು ತುಟಿಗೆ ಮುಟ್ಟಿಸಿ ದೊಡ್ಡ ಕಣ್ಣು ಮಾಡಿದರು. ಕಿವಿ ಖಾಲಿ ಇತ್ತು. ನೀರು ಕುಡಿಯುವ ನೆಪದಲ್ಲಿ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಬೀಗರು ಬಂದಾಗ ಮುದುಕ ಹಾಡು ಕೇಳ್ಕೋತ ಕುಂತಾನ ಅನಬಾರದಲ್ಲವಾ? ಅದಕ್ಕ ತಗದಿಟ್ಟೆ."

ಹುಡುಗ ಹುಡುಗಿ ಬಾಲ್ಕನಿಗೆ ಹೋಗಿ ಮಾತಾಡಿ ಬಂದರು. ಬಂದಾಗ ನಮ್ಮ ಮೈದುನನ ಮುಖ ನೋಡಬೇಕಿತ್ತು. ನನ್ನ ಕಿವಿ ಹತ್ತಿರ ಬಂದು, "ವೈನಿ, ಕಿವ್ಯಾಗ ಸದ್ದು ಬರ್ತದ ಅಂತ ನಾನೇ ಹೇಳಿಬಿಟ್ಟೆ. ಮುಚ್ಚಿಡಬಾರದು ಅನಿಸ್ತು" ಅಂದ.

"ಆಕಿ ಏನಂದಳು?"

"ಹಾರ್ಮೋನಿಯಂದು ಯಾವ ಪಟ್ಟೀ ಒಳಗ ಬರ್ತದ ಅಂತ ಕೇಳಿದಳು ವೈನಿ!"

ಸಂಗೀತದವಳಲ್ಲವೇ, ಕಿವಿಯ ಸದ್ದು ಯಾವ ಶ್ರುತಿಯದು ಎಂದು ಕೇಳಿದ್ದಳು. ಆಗಲೇ ಗೊತ್ತಾಯಿತು, ಹುಡುಗ ಬಿದ್ದ ಎಂದು. ಹುಡುಗಿಯೂ ಚಹಾದ ಕಪ್ಪಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಉಳಿದದ್ದು ಅಜ್ಜನ ಮಾತು. ಆ ಮನೆಯಲ್ಲಿ ಅಜ್ಜ ಹೂಂ ಅನ್ನದೆ ಹೊಸ ಪರದೆಯನ್ನೂ ತರುವುದಿಲ್ಲವಂತೆ.

ಮಾಸ್ತರರು ಎದ್ದು ನಿಂತರು. "ಹುಡುಗನ್ನ ನಾ ಒಬ್ಬನೇ ಪರೀಕ್ಷಾ ತಗೋತೀನಿ. ಮೌಖಿಕ." ಅವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅವರ ಪ್ರಶ್ನೆ ಮಾತ್ರ ಕೇಳಿಸುತ್ತಿತ್ತು. ಒಂದೇ ಪ್ರಶ್ನೆ, ಪ್ರತಿ ಸಲ ಇನ್ನಷ್ಟು ಜೋರಾಗಿ. ಕೊನೆಗೆ ಹೊರಬಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತ ತೀರ್ಪು ಕೊಟ್ಟರು: "ಹುಡುಗ ಸಭ್ಯ ಅದಾನ. ಆದ್ರ ಕಿವಿ ಇಲ್ಲ. ಎಷ್ಟು ಸಲ ಕೇಳಿದ್ರೂ ಉತ್ತರ ಕೊಡವಲ್ಲ. ಕಿವುಡಗ ನಮ್ಮ ಹುಡುಗೀನ್ನ ಹೆಂಗ ಕೊಡೂದು?"

ಮೈದುನ ಬಿಳಿಚಿಕೊಂಡಿದ್ದ. "ನಾ ಪ್ರತಿ ಸಲಾನೂ ಉತ್ತರ ಕೊಟ್ಟೆ ವೈನಿ. ಅವರು ಕೇಳಿದ್ದು ಬ್ಯಾರೆ, ನನಗ ಕೇಳಿಸಿದ್ದು ಬ್ಯಾರೆ ಏನು? ನನ್ನ ಕಿವಿ ಹೋತೇನು?"

ಕಿವಿ ಇಲ್ಲದ್ದು ನಿಮಗ್ರೀ ಮಾಸ್ತರ, ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಾತು ಕೊಟ್ಟಿದ್ದೆ. ಅದೂ ಅಲ್ಲದೆ ಬಂದವರ ಕಿವಿಯ ಸುದ್ದಿ ಕ್ಲಿನಿಕ್ಕಿನ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಕೆಲಸದ ಮರ್ಯಾದೆ. ಆ ಮುದುಕರೋ, ನನ್ನನ್ನೇ ನೋಡುತ್ತ, ತುಟಿಯ ಮೇಲೆ ಮತ್ತೆ ಬೆರಳಿಟ್ಟರು.

ಆಗ ಹುಡುಗಿ ಅಜ್ಜನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದಳು: "ಅಜ್ಜಾ, ಬರೇ ಮೌಖಿಕದ ಮ್ಯಾಲೆ ಫೇಲ್ ಮಾಡೂದು ನ್ಯಾಯ ಅಲ್ಲ. ಇವರ ವೈನಿ ಕಿವಿ ಪರೀಕ್ಷಾ ಮಾಡ್ತಾರಂತ. ಅಲ್ಲೇ ಆಗಿಹೋಗ್ಲಿ."

ಮಾಸ್ತರರು ವಿಚಾರ ಮಾಡಿದರು. "ಆಗ್ಲಿ. ಆದ್ರ ಮನಿಯವರೇ ಪರೀಕ್ಷಾ ತಗೊಂಡ್ರ ಮನಿಯವರೇ ಪಾಸ್ ಮಾಡ್ತಾರ. ನಾ ಒಳಗ ಕೂತು ಕಾಪಿ ಆಗದಂಗ ನೋಡ್ಕೋತೀನಿ."

ಕಾಪಿ

ಹೀಗೆ ಎರಡೂ ಮನೆಯವರು ಒಂದೇ ಸಲ ನಮ್ಮ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರು. ಅತ್ತೆ ಕುಂಕುಮ, ಅಕ್ಷತೆ, ಪೇಢೆ ತಂದಿದ್ದರು. ಹಲ್ಲಿ ನುಡಿದಿದೆ, ಇನ್ನೇನು ಅನುಮಾನ ಎಂಬ ಧೈರ್ಯ. ನನಗೆ ಅಷ್ಟು ಧೈರ್ಯವಿರಲಿಲ್ಲ. ಅಕಸ್ಮಾತ್ ಹುಡುಗನ ಕಿವಿ ನಿಜವಾಗಿಯೂ ಹೋಗಿದ್ದರೆ? ಮದುವೆಯ ಮಾತಿರಲಿ, ಆ ಹುಡುಗನ ಮುಖವನ್ನು ನಾನು ಹೇಗೆ ನೋಡಲಿ?

ಮಾಸ್ತರರು ಇವತ್ತು ಕಿವಿಗೆ 'ಹಾಡು' ಹಾಕಿಕೊಂಡೇ ಬಂದಿದ್ದರು. ಆದರೆ ಪರೀಕ್ಷೆಯ ಕೋಣೆಯೊಳಗೆ ಹೋಗುವವರು ಮೊಬೈಲು, ವಾಚು, ಕಿವಿಯಲ್ಲಿರುವುದು, ಎಲ್ಲವನ್ನೂ ಹೊರಗಿನ ತಟ್ಟೆಯಲ್ಲಿ ಇಡಬೇಕು. ಮೈದುನ ತನ್ನ ಎರಡೂ ಇಯರ್‌ಬಡ್ ತೆಗೆದಿಟ್ಟ. ನಾನು ಬಾಯಿ ಬಿಡುವ ಮೊದಲೇ ಹುಡುಗಿ, "ಅಜ್ಜಾ, ನಿಮ್ಮ ಹಾಡಿಂದೂ ತಗೀರಿ" ಅಂದಳು. ಮುದುಕರು ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಬೇರೆ ದಾರಿಯಿಲ್ಲದೆ ತೆಗೆದು ಅದೇ ತಟ್ಟೆಯಲ್ಲಿಟ್ಟು, ಸಣ್ಣ ಮಕ್ಕಳ ಪರೀಕ್ಷೆಗೆ ತಾಯಂದಿರು ಕೂರುವ ಕುರ್ಚಿಯಲ್ಲಿ ಕೈಕಟ್ಟಿ ಕೂತರು.

ಸದ್ದು ಬಿಡತೊಡಗಿದೆ. ಮೈದುನ ಗುಂಡಿ ಒತ್ತತೊಡಗಿದ. ಮೊದಮೊದಲು ನಾನು ಏನೂ ಬಿಡದಿದ್ದರೂ ಒತ್ತಿದ. ಗಾಜಿನಾಚೆಯಿಂದ ನನ್ನ ಕಡೆ ನೋಡಿದ. ಇದು ನಿಮ್ಮದೋ ನನ್ನದೋ ಎಂಬ ಹಾಗೆ. ನಾನು ಅಲ್ಲವೆಂದು ತಲೆ ಆಡಿಸಿದೆ. ಅವನು ಕಣ್ಣು ಮುಚ್ಚಿ, ತನ್ನ ಕಿವಿಯ ಸದ್ದನ್ನು ಪಕ್ಕಕ್ಕೆ ಸರಿಸಿ, ನನ್ನ ಸದ್ದಿಗಾಗಿ ಕಾದ. ಆಮೇಲೆ ಒಂದೂ ತಪ್ಪಲಿಲ್ಲ. ಎಷ್ಟು ಸಣ್ಣದು ಬಿಟ್ಟರೂ ಹಿಡಿದ. ಕಿವಿ ಗಟ್ಟಿಯಾಗಿತ್ತು. ಕುಂಯ್ ಅನ್ನುವುದು ನಿಜವೇ, ಆ ಗೋಡಂಬಿಗಳಿಗೆ ರಜೆ ಕೊಡಬೇಕು, ಆದರೆ ಕೇಳುವ ಶಕ್ತಿ ಎಲ್ಲೂ ಹೋಗಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಧಡಾರನೆ ಬಾಗಿಲು ತೆರೆಯಿತು.

"ಕಾಪಿ!" ಮಾಸ್ತರರು ಗರ್ಜಿಸಿದರು. "ಒಳಗ ಒಂದ ಸದ್ದಿಲ್ಲ, ಸಪ್ಪಳಿಲ್ಲ. ಹುಡುಗ ಸುಮ್ಮ ಸುಮ್ಮನ ಗುಂಡಿ ಒತ್ತಲಿಕತ್ತಾನ, ವೈನಿ ಹೊರಗಿಂದ ತಲಿ ಅಲ್ಲಾಡಿಸಿ ಸನ್ನಿ ಮಾಡ್ಲಿಕತ್ತಾಳ!"

ಸದ್ದು ಹೆಡ್‌ಫೋನಿನಲ್ಲಿ ಬರುತ್ತದೆ, ಹಾಕಿಕೊಂಡವರಿಗಲ್ಲದೆ ಪಕ್ಕದವರಿಗೆ ಕೇಳಿಸುವುದಿಲ್ಲ ಎಂದು ನಾನು ವಿವರಿಸಿದೆ. ಆ ವಿವರಣೆಯೂ ಅವರಿಗೆ ಕೇಳಿಸಲಿಲ್ಲ. ಸಿಟ್ಟಿನಲ್ಲಿ ತಟ್ಟೆಗೆ ಕೈ ಹಾಕಿ, ಸಿಕ್ಕ ಬಿಳಿಯದನ್ನು ಎತ್ತಿ ಕಿವಿಗೆ ತುರುಕಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಟ್ಟರು. ಮೈದುನ ಉಳಿದೆರಡನ್ನು ಬಳಿದುಕೊಂಡು ತನ್ನ ಡಬ್ಬಿಗೆ ಹಾಕತೊಡಗಿದ.

ನಾನು ಉಳಿದವರಿಗೆ ಫಲಿತಾಂಶ ಹೇಳಿದೆ. ಹುಡುಗಿಯ ಅಪ್ಪ ಅವ್ವ ನಿಟ್ಟುಸಿರು ಬಿಟ್ಟರು. ಅತ್ತೆ ಎದ್ದು ಮಾಸ್ತರರ ಮುಂದೆ ಹೋಗಿ ಸೆರಗು ಹೊದ್ದು ಕೈ ಮುಗಿದರು. "ಮಾಸ್ತರ, ಪರೀಕ್ಷಾ ಪಾಸಾತ್ರಿ. ಇನ್ನರ ನಿಮ್ಮ ಮೊಮ್ಮಗಳನ್ನ ನಮ್ಮ ಮನಿಗೆ ಕೊಡ್ತೀರೇನ್ರಿ?"

ಮಾಸ್ತರರು ಗೋಡೆಯನ್ನೇ ನೋಡುತ್ತಿದ್ದರು. ಅತ್ತೆ ಮತ್ತೊಮ್ಮೆ ಕೇಳಿದರು. ಉಹೂಂ. ಹುಡುಗಿಯ ಮುಖ ಬಾಡಿತು. ಮುಗಿಯಿತು, ಮುದುಕರು ಹಟ ಬಿಡುವುದಿಲ್ಲ ಎಂದು ನಾನು ಕುರ್ಚಿ ಹಿಡಿದುಕೊಂಡೆ. ಆ ಮೂಲೆಯಲ್ಲಿ ಮೈದುನನ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಒಂದು ಬಡ್ ತನ್ನದಲ್ಲ ಎಂದು ಅವನಿಗೆ ಗೊತ್ತಾಯಿತು. ತನ್ನದು ಎಲ್ಲಿ ಬಿತ್ತೋ ನೋಡೋಣ ಎಂದು ಮೊಬೈಲ್ ತೆಗೆದು ಒತ್ತಿದ.

ಅತ್ತೆ ಅಳುವ ದನಿಯಲ್ಲಿ ಕೊನೆಯ ಸಲ ಕೇಳುತ್ತಿದ್ದರು. "ಕೊಡ್ತೀರೇನ್ರಿ?"

ಕುಂಯ್!

"ಹೂಂನ್ರೀ!"

ಮಾಸ್ತರರು ಕುರ್ಚಿಯಿಂದ ಜಿಗಿದು ಎದ್ದು ನಿಂತಿದ್ದರು. ಕುಂಯ್ ಕುಂಯ್! "ಹೂಂನ್ರೀ! ಹೂಂನ್ರೀ!" ಅವರ ಕಿವಿಯಿಂದಲೇ ಬರುತ್ತಿದ್ದ ಆ ಸದ್ದು ನನಗೂ ಕೇಳಿಸಿತು. ಅತ್ತೆ ತಕ್ಷಣ ನನ್ನ ಮೇಜಿಗೆ ಟಕ್ ಟಕ್ ಟಕ್ ಎಂದು ಬಡಿದರು. "ಕೃಷ್ಣ ಕೃಷ್ಣ! ಹಲ್ಲೀನೂ ನುಡೀತು, ಹಿರ್ಯಾರೂ ನುಡಿದ್ರು!" ಪೇಢೆಯ ಡಬ್ಬಿ ತೆರೆದೇಬಿಟ್ಟರು. ರಿಸೆಪ್ಶನ್‌ನವಳು ತಲೆ ಒಳಗೆ ಹಾಕಿ, ಕಥೆ ಮತ್ತೆ ಶುರುವಾಯಿತೇ ಎಂದು ಮರಾಠಿಯಲ್ಲಿ ಕೇಳಿದಳು.

ಮೈದುನ ಅಜ್ಜನ ಕಿವಿ ನೋಡಿದ, ತನ್ನ ಕೈಯಲ್ಲಿದ್ದದ್ದನ್ನು ನೋಡಿದ. ಅದರ ಪುಟ್ಟ ಗುಂಡಿ, ಅದರ ಬ್ಯಾಟರಿ ಬಾಗಿಲು. ಕಿವಿ ಪರೀಕ್ಷಿಸುವವಳ ಮನೆಯಲ್ಲಿರುವ ಹುಡುಗ, ಅದು ಶ್ರವಣಯಂತ್ರವೆಂದು ಅರ್ಥವಾಯಿತು. ಬಾಗಿಲು ಹಾಕಿಕೊಂಡು ತೆಗೆದುಕೊಂಡ ಮೌಖಿಕ ಪರೀಕ್ಷೆಯೂ ಅರ್ಥವಾಗಿರಬೇಕು. ಒಂದು ಕ್ಷಣ ಅವನ ಬಾಯಿ ತೆರೆದೇ ಇತ್ತು. ಅವನೇನು ಹೇಳುತ್ತಾನೋ ಎಂದು ನನಗೆ ಜೀವ ಹೋದಂತಾಯಿತು. ಅವನು ಅಜ್ಜನ ಹತ್ತಿರ ಹೋಗಿ ಬಗ್ಗಿ, ಅವರ ಅಂಗೈಗೆ ಮೆಲ್ಲಗೆ ಅವರದ್ದನ್ನು ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಜ್ಜಾ, ನಿಮ್ಮ ಹಾಡು ನನ್ನ ಕಡೆ ಬಂದಿತ್ತು. ತಗೋರಿ."

ಮಾಸ್ತರರು ಕಿವಿಯಲ್ಲಿದ್ದುದನ್ನು ತೆಗೆದುಕೊಟ್ಟು ಅದನ್ನು ಹಾಕಿಕೊಂಡರು. ಹುಡುಗನ ಮುಖ ನೋಡಿ ಕೇಳಿದರು: "ನಾ ಈಗ ಏನಂದೆ?"

"ಹೂಂ ಅಂದ್ರಿ."

"ಎಷ್ಟು ಸಲ?"

"ಎಲ್ಲಾ ಸಲ ರೀ."

"ಅಂದ ಮ್ಯಾಲೆ ಆತು. ಅಂದ ಹೂಂ ನಾ ತಿರುಗಿ ತಗೊಳ್ಳೂದಿಲ್ಲ." ಅವನ ಬೆನ್ನ ಮೇಲೆ ಕೈಯಿಟ್ಟು ಇನ್ನೊಂದು ಹೇಳಿದರು: "ಹುಡುಗನ ಕಿವಿ ಚಲೋ ಅದ. ಬಾಯಿ ಅದಕ್ಕಿಂತ ಚಲೋ ಅದ."

ಪೇಢೆ ತಿಂದು ಎಲ್ಲರೂ ಮೆಟ್ಟಿಲು ಇಳಿಯುವಾಗ ಮಾಸ್ತರರು ನನ್ನ ಕಡೆ ವಾಲಿ ಪಿಸುಗುಟ್ಟಿದರು. ಅವರ ಪಿಸುಮಾತು ಕೆಳಗಿನ ಅಂಗಡಿಯವನೂ ತಲೆ ಎತ್ತಿ ನೋಡುವಷ್ಟಿತ್ತು. "ಅಂತೂ ಗುಟ್ಟು ಉಳೀತು ನೋಡವಾ. ನಮ್ಮ ಮನ್ಯಾಗ ಒಬ್ಬರಿಗೂ ಗೊತ್ತಾಗಿಲ್ಲ."

ಅವರ ಇನ್ನೊಂದು ಕೈ ಹಿಡಿದಿದ್ದ ಮೊಮ್ಮಗಳು ನಿಂತಳು. "ಅಜ್ಜಾ, ಪುಣೆದಾಗ ಎಲ್ಲಾರೂ ಅದನ್ನ ಕಿವ್ಯಾಗ ಹಾಕ್ಕೊಂಡ್ರ ಕರದದ್ದು ಕೇಳಸೂದಿಲ್ಲ. ನಿಮಗೊಬ್ಬರಿಗೇ ಹಾಕ್ಕೊಂಡ ಮ್ಯಾಲೆ ಕೇಳಸ್ತದ. ಮನ್ಯಾಗಿನವರಿಗೆ ಅಷ್ಟೂ ಗೊತ್ತಾಗೂದಿಲ್ಲೇನ್ರಿ?"